ಹೂವಲ್ಲ, ಹುಳ

ಮದುವೆಯಾಗಿ ತೀರ್ಥಹಳ್ಳಿ ಕಡೆಯ ಮನೆಗೆ ಬಂದಾಗ ಟ್ರಂಕಿನ ಜೊತೆ ನಾನು ತಂದದ್ದು ಗೋಣಿ ಸುತ್ತಿದ ಬಿದಿರಿನ ಬುಡ. ತವರು ಮಾಸ್ತಿಕಟ್ಟೆಯ ಹತ್ತಿರ. ಅಲ್ಲಿ ಅಣೆಕಟ್ಟು ಏಳುತ್ತಿತ್ತು, ನಮ್ಮ ಅಂಗಳ ಮುಳುಗುವುದು ಖಾತ್ರಿಯಾಗಿತ್ತು. ಹಳದಿ ಮೈ, ಹಸಿರು ಗೀರಿನ ಆ ಚಂದದ ಬಿದಿರನ್ನು ಮಾತ್ರ ನೀರಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಗಂಡನ ಮನೆಯ ಗೇಟಿನ ಪಕ್ಕ ನೆಟ್ಟೆ. ಅದು ಮಾಡಿನೆತ್ತರದ ಮೆಳೆಯಾಗುವಷ್ಟರಲ್ಲಿ ತವರಿನ ಅಂಗಳ ನೀರಿನಡಿ ಸೇರಿತ್ತು.

ಒಂದು ಬೇಸಿಗೆ ಅದರ ಎಲೆಗಳು ಕಪ್ಪಾಗಿ ಮುರುಟತೊಡಗಿದವು. ಅತ್ತೆ ಕತ್ತೆತ್ತಿ ನೋಡಿದರು. ಗಿಣ್ಣುಗಳಲ್ಲಿ ಬೆಳ್ಳಗೆ ಏನೋ ಅರಳಿತ್ತು.

"ಹೂ ಬಿಟ್ಟದೆ ಕಣೇ. ಮಳೆ ಹಿಡಿಯೋದ್ರೊಳಗೆ ಬುಡ ಸಮೇತ ಕೀಳಿಸ್ತೀನಿ."

ಬಿದಿರು ಹೂ ಬಿಟ್ಟರೆ ಬರ ಎನ್ನುವ ಮಾತು ಯಾರಿಗೆ ಗೊತ್ತಿಲ್ಲ? ಇನ್ನೊಂದು ಬುಡ ತರೋಣವೆಂದರೆ ತವರಿನ ಅಂಗಳದಲ್ಲಿ ಈಗ ಮೀನುಗಳ ಸಂಸಾರ. ಯಜಮಾನರು ಮೈಲುತುತ್ತ ಹೊಡೆಯೋಣ ಎಂದರು. ಅಡಿಕೆಯ ಕೊಳೆರೋಗಕ್ಕೆ ಅದು ಮದ್ದಾದಂದಿನಿಂದ ಅವರಿಗೆ ನೆಗಡಿಗೂ ಅದೇ ಮದ್ದು.

ನನಗೆ ಮೊದಲೇ ಹಟ ಜಾಸ್ತಿ. ಸ್ಟೂಲು ಹಾಕಿ ಹತ್ತಿದೆ. ಗಿಣ್ಣಿಗೆ ಅಂಟಿದ್ದ ಒಣ ಸಿಪ್ಪೆ ಸುಲಿದರೆ ಒಳಗೆಲ್ಲ ಬಿಳಿ ಹಿಟ್ಟು. ಕೆರೆದೆ. ಬೆರಳಿಗೆ ಅಂಟಿತು. ಹಿಟ್ಟಿನೊಳಗೆ ಏನೋ ಮಿಸುಕಿತು. ಇರುವೆಗಳಂತೂ ಸಾಲುಗಟ್ಟಿ ಮೇಲೆ ಕೆಳಗೆ ಓಡುತ್ತಿದ್ದವು. ಹೂವಿಗೆ ಎಲ್ಲಿಯಾದರೂ ಕಾಲಿರುತ್ತದೆಯೇ? ಖುಷಿಗೆ ಸ್ಟೂಲಿನ ಮೇಲೆ ಕುಣಿಯುವುದೊಂದು ಬಾಕಿ.

"ಅತ್ತೆ, ಹೂವಲ್ಲ, ಹುಳ. ದಾಸವಾಳಕ್ಕೆ ಹಿಡೀತದಲ್ಲ, ಅದೇ ಹಿಟ್ಟಿನ ಹುಳ."

ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಬೆರಳನ್ನೇ ಹಿಡಿದು ನೋಡಿದರು. "ಹೌದಲ್ಲೇ ಮಾರಾಯ್ತಿ, ನಡೀತದೆ ಇದು."

ಹುಳ ಸುರಿಸಿದ ಅಂಟು ಎಲೆಗಳ ಮೇಲೆ ಬಿದ್ದು, ಅದಕ್ಕೆ ಮಸಿಯಂಥ ಬೂಷ್ಟು ಹಿಡಿದಿತ್ತು. ಮೆಳೆಯ ನಡುವೆ ಮುದಿ ಗಳಗಳು ಒತ್ತಿಕೊಂಡು ಗಾಳಿಯೂ ಆಡುತ್ತಿರಲಿಲ್ಲ. ಅವನ್ನು ಬುಡಕ್ಕೆ ಕೊಯ್ದು, ಸಿಪ್ಪೆಯನ್ನೆಲ್ಲ ಸುಲಿದು ಸುಟ್ಟೆವು. ಉಳಿದದ್ದನ್ನು ತೊಳೆಯಲು ಸೋಪಿನ ನೀರು ಸಾಕು ಎಂದೆ. ಅತ್ತೆ ಒಳಗೆ ಹೋಗಿ ತಮ್ಮ ಅಂಟುವಾಳದ ಡಬ್ಬವನ್ನೇ ತಂದರು. ರೇಷ್ಮೆ ಸೀರೆ ಒಗೆಯುವುದಕ್ಕಲ್ಲದೆ ಆ ಕಾಯಿಯನ್ನು ಯಾರಿಗೂ ಮುಟ್ಟಗೊಡದವರು! ಯಜಮಾನರು ಮೈಲುತುತ್ತ ಹೊಡೆಯುವ ಪಂಪು ತೊಳೆದು ಅಂಟುವಾಳದ ನೊರೆನೀರು ತುಂಬಿ ಗಿಣ್ಣು ಗಿಣ್ಣಿಗೆ ಹೊಡೆದೆವು. ವಾರ ಬಿಟ್ಟು ಮತ್ತೆ ಹೊಡೆದೆವು. ಬುಡಕ್ಕೆ ಗೊಬ್ಬರ ಹಾಕಿ ಮೇಲೆ ತರಗೆಲೆ ಮುಚ್ಚಿದೆವು.

ಆರಿದ್ರಾ ಮಳೆಗೆ ಬಿದಿರಿನ ಬುಡದಲ್ಲಿ ಹೊಸ ಕಳಲೆ ಮೊಳೆತೆದ್ದಿತು. ಕಳಲೆ ಕಂಡರೆ ಪಲ್ಯದ ಬಾಣಲೆಯನ್ನೇ ನೆನೆಯುವ ಅತ್ತೆ, ದನ ಬಾಯಿ ಹಾಕದಂತೆ ಅದರ ಮೇಲೆ ಬುಟ್ಟಿ ಕವುಚಿದರು. ನಾನು ದಿನಕ್ಕೆ ಹತ್ತು ಸಲ ಬುಟ್ಟಿ ಎತ್ತಿ ನೋಡಿ ಬೈಸಿಕೊಂಡೆ.

ಮರುವರ್ಷ ಮಳೆ ಶುರುವಾದಾಗ ಅಮ್ಮ ಸಾಗರದಿಂದ ಬಂದರು. ಮುಳುಗಡೆಯಾದ ಮೇಲೆ ಅವರ ಹೊಸ ಮನೆ ಅಲ್ಲೇ. ಹಳದಿ ಗಳವನ್ನು ಸವರುತ್ತ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗುದ್ದಲಿ ತಂದು, ಹೋದ ವರ್ಷದ ಗಳವೊಂದನ್ನು ಬುಡ ಸಮೇತ ಬಿಡಿಸಿ, ಮೇಲಿನ ಉದ್ದ ಕಡಿದು ಗೋಣಿ ಸುತ್ತಿದರು.

"ನಿಮ್ಮಂಗಳದ್ದೇ ಅಲ್ವಾ, ತಗೊಂಡ್ಹೋಗಿ."

ಅಮ್ಮ ಅದನ್ನು ಮಗುವಿನಂತೆ ಎತ್ತಿಕೊಂಡರು. ನನ್ನ ಕಣ್ಣು ತುಂಬಿತು. ಅತ್ತೆ ನನ್ನ ಕಡೆ ತಿರುಗಿ ಗದರಿದರು:

"ನಿಂತು ನೋಡ್ತೀಯೆಂತ? ಒಂದಿಷ್ಟು ಅಂಟುವಾಳನೂ ಕಟ್ಟಿಕೊಡೇ. ಅಲ್ಲೂ ಹೂ ಬಿಟ್ರೆ ಎಂತ ಮಾಡ್ತಾರೆ?"