ಟಿಪ್ಪರಿನ ಅಡಿಯ ಜೋಲಿ

೧೯೮೧ರ ಬೇಸಿಗೆ. ಮಾನ್ವಿ ತಾಲ್ಲೂಕಿನ ಕಲ್ಲೂರಿನ ಹತ್ತಿರ ಉಪಕಾಲುವೆಗೆ ಏರಿ ಹಾಕುವ ಕೆಲಸ. ನಾನು ಅಲ್ಲಿ ಜೂನಿಯರ್ ಇಂಜಿನಿಯರ್. ಒಂದು ಕಡೆ ಕೂತು ಉಣ್ಣುವ ಜಾಯಮಾನ ನನ್ನದಲ್ಲ. ಮಣ್ಣು ತರುವ ಟಿಪ್ಪರು, ಅದನ್ನು ಅದುಮುವ ರೋಲರು ಓಡಾಡುವ ಜಾಗದಲ್ಲೇ ಜನ ಬುಟ್ಟಿ ಹೊರುತ್ತಿದ್ದರೆ ಯಾರಿಗೆ ತಾನೇ ತುತ್ತು ಇಳಿಯುತ್ತದೆ?

ಸುತ್ತ ಎಲ್ಲೂ ಮರವಿಲ್ಲ. ಊಟದ ಹೊತ್ತಿಗೆ ನಿಂತ ಟಿಪ್ಪರಿನ ಅಡಿಯೇ ನೆರಳು. ಅಲ್ಲಿ ಮಲಗಬೇಡಿ ಎಂದು ದಿನವೂ ಬೈಯುತ್ತಿದ್ದೆ; ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಚಾಲಕ ಖಾಸಿಂ ಹಾರ್ನ್ ಹೊಡೆದೇ ಗಾಡಿ ತೆಗೆಯುವವನು. ಆ ಸದ್ದಿಗೆ ಎಲ್ಲರೂ ಎದ್ದು ಸರಿಯುತ್ತಿದ್ದರು.

ಒಂದು ಮಧ್ಯಾಹ್ನ ಅವನು ಹಾರ್ನ್ ಹೊಡೆದ, ಜನ ಹೊರಬಂದರು, ಗಾಡಿ ಸ್ಟಾರ್ಟ್ ಆಯಿತು. ಆಗ ಹಿಂದಿನ ಗಾಲಿಯ ಹತ್ತಿರ ಹಸಿರು ಸೀರೆಯ ಜೋಲಿ ಕಂಡಿತು. ಅದರಿಂದ ಪುಟ್ಟ ಕಾಲೊಂದು ಗಾಲಿಯ ಕಡೆಗೆ ಚಾಚಿತ್ತು. ಕೂಗಿದರೆ ಇಂಜಿನ್ ಸದ್ದಿನಲ್ಲಿ ಕೇಳುವಂತಿರಲಿಲ್ಲ. ಸರ್ವೆಗೆ ನೆಟ್ಟಿದ್ದ ಕೆಂಪು ಬಾವುಟ ಕಿತ್ತುಕೊಂಡು, ಖಾಸಿಮನ ಕಣ್ಣಿಗೆ ಬೀಳುವಂತೆ ಬದಿಯಿಂದ ಬೀಸುತ್ತ ಓಡಿದೆ. ಗಾಲಿ ಅರ್ಧ ಸುತ್ತು ಉರುಳಿತ್ತು. ಅವನು ಬ್ರೇಕ್ ತುಳಿದ.

ಕೂಸಿನ ತಾಯಿ ಹುಲಿಗೆಮ್ಮ ನೀರಿಗೆ ಹೋಗಿದ್ದಳು. ಕೊಡ ಬಿಸಾಕಿ ಓಡಿಬಂದು, ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅದು ನಿದ್ದೆ ಕೆಟ್ಟ ಸಿಟ್ಟಿಗೆ ಅಳುತ್ತಿತ್ತು, ಅಷ್ಟೇ. ನಾನು ಕೇಳಿದೆ: “ಇದರ ಕೆಳಗ ಯಾರರ ಜೋಲಿ ಕಟ್ತಾರೇನವ್ವಾ?”

“ಹೊಲದಾಗ ಬಂಡಿ ಕೆಳಗ ಕಟ್ತೀವಲ್ರೀ ಸಾಹೇಬ್ರ. ಎತ್ತು ಬಿಚ್ಚಿದ ಮ್ಯಾಲ ಬಂಡಿ ಎಲ್ಲಿ ಹೋಗ್ತದ?”

ಸ್ಟೀರಿಂಗ್ ಹಿಡಿದೇ ಕೂತಿದ್ದ ಖಾಸಿಂ, “ನಾ ಹಾರ್ನ್ ಹೊಡದಿದ್ನಲ್ರೀ” ಎಂದ.

“ಹಾರ್ನ್ ಕೇಳಿ ಕೂಸು ಎದ್ದು ಓಡ್ತದೇನೋ?” ಎಂದೆ. ಅವನು ಇಂಜಿನ್ ಆರಿಸಿ ಕೆಳಗಿಳಿದ.

ಮರುದಿನವೇ ಗಾಡಿಗಳು ಸುಳಿಯದ ಕಡೆ ಈಚಲ ಗರಿಯ ಚಪ್ಪರ ಹಾಕಿಸಿದೆ. ಆದರೂ ನನಗೆ ಸಮಾಧಾನವಿಲ್ಲ. ಹುಲಿಗೆಮ್ಮನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾದರೆ ಟಿಪ್ಪರಿಗೂ ಎತ್ತು ಬಿಚ್ಚಬೇಕು, ಅಂದರೆ ಬೀಗದ ಕೈ ತೆಗೆದಿಡಬೇಕು. ಹೊಸ ನಿಯಮ ಮಾಡಿದೆ. ಊಟಕ್ಕೆ ಗಾಡಿ ನಿಲ್ಲಿಸಿದ ಚಾಲಕ ಬೀಗದ ಕೈಯನ್ನು ಹುಲಿಗೆಮ್ಮನಿಗೆ ಕೊಡಬೇಕು. ಹೊರಡುವಾಗ ಗಾಡಿಯ ಸುತ್ತ ನಡೆದು, ಅಡಿಯಲ್ಲಿ ಬಗ್ಗಿ ನೋಡಿ, ಅವಳಿಂದಲೇ ಕೇಳಿ ಪಡೆಯಬೇಕು. ಚಾಲಕರು ಗೊಣಗಿದರು.

ಮೊದಲ ದಿನ ಖಾಸಿಂ ಹುಲಿಗೆಮ್ಮನ ಮುಂದೆ ಬಂದು ಕೈ ಚಾಚಿದ.

“ಕೆಳಗ ಬಗ್ಗಿ ನೋಡಿದೇನಪಾ?”

“ನೋಡೀನಿ ಯಕ್ಕಾ.”

“ಇನ್ನೊಮ್ಮಿ ನೋಡಿ ಬಾ.”

ಖಾಸಿಂ ಹೋಗಿ ಮತ್ತೆ ಬಗ್ಗಿ ನೋಡಿ ಬಂದ ಮೇಲೆಯೇ ಅವಳು ಬೀಗದ ಕೈ ಕೊಟ್ಟಳು. ಮುಂದೆ ದೇವದುರ್ಗ, ರಾಯಚೂರು ಎಂದು ಎಲ್ಲಿಗೆ ವರ್ಗವಾದರೂ ಇದೊಂದು ನಿಯಮ ನಾನು ಬಿಡಲಿಲ್ಲ. ಯಾರ ಜೀವಕ್ಕೆ ಕುತ್ತೋ, ಬೀಗದ ಕೈ ಅವರ ಕೈಯಲ್ಲಿರಬೇಕು.