ರಾಹುಕಾಲಕ್ಕೆ ಮೊದಲು ಕೂರಿಸಿದ ಪ್ರೊಸೆಸರ್

ನಾನು ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಾಗ ಕೆಳಮನೆಯ ತೆಲುಗು ಹೆಂಗಸು ಏದುಸಿರು ಬಿಡುತ್ತ ಬಂದು, ನಿಮ್ಮ ಗಂಡನೂ ಮೈದುನನೂ ಹೊಡೆದಾಡುತ್ತಿದ್ದಾರೆ ಎಂದಳು. ಹೈದರಾಬಾದಿನಲ್ಲಿ ಐಟಿ ಕಂಪನಿಗಳ ಕಟ್ಟಡಗಳು ಏಳುತ್ತಿದ್ದ ಕಾಲವದು. ಕೂಕಟ್‌ಪಲ್ಲಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಣ್ಣತಮ್ಮಂದಿರು ಅವುಗಳ ನಕ್ಷೆ ತೆಗೆದುಕೊಡುತ್ತಿದ್ದರು. ಅಂದು ನಕ್ಷೆ ತೆಗೆಯುವ ದೊಡ್ಡ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕುವುದಿತ್ತು. ಒಳಗಿನ ಹಳೆಯ ಬೋರ್ಡಿಗೆ ಅದು ಹೊಂದುತ್ತದೋ ಇಲ್ಲವೋ ಮೊದಲು ನೋಡೋಣವೆಂದು ಮೈದುನ ಹೇಳಿದ್ದನಂತೆ. ರಾಹುಕಾಲ ಬರುವುದರೊಳಗೆ ಕೂರಿಸಬೇಕೆಂಬ ಅವಸರದಲ್ಲಿ ನನ್ನ ಗಂಡ ಬಲವಾಗಿ ಒತ್ತಿಬಿಟ್ಟಿದ್ದರು. ಪ್ರೊಸೆಸರಿನ ಪಿನ್ನುಗಳೆಲ್ಲ ಬಾಗಿ ಕೆಟ್ಟುಹೋಗಿದ್ದವು.

ನಾನು ಬಾಗಿಲಿಗೆ ಬಂದಾಗ ಮೈದುನ ಅಣ್ಣನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸುತ್ತಿದ್ದ.

"ಬೋರ್ಡಿನ ನಂಬರ್ ನೋಡು ಅಂದ್ನಿ. ನೀ ಪಂಚಾಂಗ ನೋಡಿದಿ!"

"ಅಣ್ಣಗ ಬುದ್ಧಿ ಹೇಳ್ತಿಯೇನಲೇ?" ಎಂದು ನನ್ನ ಗಂಡ ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಬೀಸಿದರು. ಮೈದುನ ಮುಖ ಮುಚ್ಚಿಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಸುರಿಯಿತು.

ನಾನು ಅವನ ಕೈ ಸರಿಸಿ, "ಕಣ್ಣು ಕಾಣತೈತೇನಪ್ಪಾ?" ಎಂದೆ.

"ಕಾಣತೈತಿ ವೈನಿ. ನಿಮ್ಮ ಮನಿಯವರ ಮಾರಿನೂ ಕಾಣತೈತಿ, ಅದೇ ತ್ರಾಸು."

ಹುಬ್ಬು ಸೀಳಿತ್ತು, ಕಣ್ಣು ಉಳಿದಿತ್ತು. ದೇವರು ಒಂದು ಬೆರಳಿನಷ್ಟು ಅಂತರದಲ್ಲಿ ನಮ್ಮನ್ನು ಕಾಪಾಡಿದ. ನನ್ನ ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟರು. ತಮ್ಮನನ್ನು ಎಬ್ಬಿಸಿ, ಹೊಲಿಗೆ ಹಾಕಿಸಲು ಸ್ಕೂಟರಿನಲ್ಲಿ ಕರೆದೊಯ್ದರು. ನಾನು ನೆಲದ ರಕ್ತ ಒರೆಸಿ, ಕೈತೊಳೆದು, ಮೂವರಿಗಾಗುವಷ್ಟು ಅಕ್ಕಿ ನೆನೆಹಾಕಿದೆ.