ಪೈಪಿನ ಮೇಲಿನ ಬಿಳಿ ಗೆರೆ

ಮಗಳ ವ್ಯಾನು ನೀರು ಕುಡಿಯಲು ಶುರುಮಾಡಿ ಒಂದು ತಿಂಗಳಾಗಿತ್ತು. ಕುಡಿದ ನೀರು ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿಯಲಿಲ್ಲ. ಕಡೆಗೆ ಕಂಡುಹಿಡಿದವಳು ನಾನು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಸಂಗತಿಯಲ್ಲಿ ತಪ್ಪಿಲ್ಲ.

ಹಳದೀಪುರದಿಂದ ಹೊನ್ನಾವರದ ಗೇರುಬೀಜದ ಕಾರ್ಖಾನೆಗೆ ಮಗಳು ದಿನಾ ಏಳು ಹೆಂಗಸರನ್ನು ಕರೆದೊಯ್ಯುತ್ತಾಳೆ. ನಮ್ಮಿಬ್ಬರ ಅನ್ನ ಅದರಲ್ಲೇ. ಹಳೆಯ ವ್ಯಾನು, ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವ ಜಾತಿಯದು. ಬೆಳಿಗ್ಗೆ ನೋಡಿದರೆ ಎಂಜಿನ್ ತಣಿಸುವ ಡಬ್ಬಿಯ ನೀರು ಗೆರೆಗಿಂತ ಎರಡು ಬೆರಳು ಕೆಳಗೆ ಇರುತ್ತಿತ್ತು. ನಾನು ಒಂದು ಚೊಂಬು ತಂದು ಹೊಯ್ಯುತ್ತಿದ್ದೆ. ಮರುದಿನ ಮತ್ತೆ ಎರಡು ಬೆರಳು ಕೆಳಗೆ.

ಒಂದು ಶುಕ್ರವಾರ ದಾರಿಯಲ್ಲಿ ಕರ್ಕಿಯ ಹತ್ತಿರ ಎಂಜಿನ್ ಕಾಯಿತೆಂದು ಮಗಳು ವ್ಯಾನು ನಿಲ್ಲಿಸಿದಳು. ಹೆಂಗಸರು ಬಿಸಿಲಲ್ಲಿ ಒಂದು ತಾಸು ಕಾದು ಕೆಲಸಕ್ಕೆ ತಡವಾಗಿ ಹೋದರು. ಹೇಗೋ ವ್ಯಾನನ್ನು ಮನೆಗೆ ತಂದದ್ದಾಯಿತು. ಸಂಜೆ ಕುಮಟಾದ ಮೆಕ್ಯಾನಿಕ್ ಬಂದ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದ, ರಬ್ಬರು ಪೈಪುಗಳನ್ನು ಹಿಚುಕಿದ. ಎಲ್ಲೂ ಒದ್ದೆ ಇಲ್ಲ.

"ಹೊರಗೆ ಒಂದು ಹನಿಯೂ ಇಲ್ಲ. ಅಂದ್ರೆ ನೀರು ಎಂಜಿನ್ ಒಳಗೇ ಹೋಗ್ತಾ ಉಂಟು. ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಬೇಕು," ಎಂದ.

"ಎಷ್ಟು ದಿನ?" ಮಗಳು ಕೇಳಿದಳು.

"ಹದಿನೈದು ದಿನ ಅಂತ ಇಟ್ಕೊ. ನೀರು ನೋಡದೆ ಓಡಿಸಿದ್ರೆ ಮತ್ತೆಂತ ಆಗೂದು? ಹೆಂಗಸರಿಗೆ ಸ್ಟಿಯರಿಂಗ್ ಒಂದೇ ಕಾಣೂದು."

ಮಗಳ ತಲೆಯಲ್ಲಿದ್ದದ್ದು ಸೋಮವಾರ. ಶನಿವಾರ ಬಸ್ಸಿಗೆ ಹೋಗುತ್ತೇವೆ, ಸೋಮವಾರವೂ ವ್ಯಾನು ಬಾರದಿದ್ದರೆ ಬೇರೆ ವ್ಯಾನಿಗೆ ಹೇಳುತ್ತೇವೆ ಎಂದು ಹೆಂಗಸರು ಹೇಳಿಯಾಗಿತ್ತು. ಹದಿನೈದು ದಿನ ಬೇರೆ ವ್ಯಾನಿನಲ್ಲಿ ಕೂತವರು ಹದಿನಾರನೇ ದಿನ ನಮ್ಮದಕ್ಕೆ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಚಾ ಕುಡಿಯುತ್ತ ಮಗಳನ್ನು ಕೇಳಿದೆ, "ಒಳಗೆ ಹೋದ ನೀರು ಎಂತ ಆಗ್ತದೆ?"

"ಆಯಿಲ್ ಜೊತೆ ಸೇರಿದ್ರೆ ಆಯಿಲ್ ಹಾಲು ಹಾಕಿದ ಕಾಪಿ ಹಂಗೆ ಆಗ್ತದಂತೆ. ಸುಟ್ಟೋದ್ರೆ ಹಿಂದೆ ಬಿಳಿ ಹೊಗೆ."

"ನೋಡಿದ್ಯಾ?"

ನೋಡಿರಲಿಲ್ಲ. ಆಯಿಲ್ ಅಳೆಯುವ ಕಡ್ಡಿ ಎಳೆದೆವು, ಕಪ್ಪಾಗಿಯೇ ಇತ್ತು. ಸ್ವಲ್ಪ ಹೊತ್ತು ಚಾಲೂ ಮಾಡಿದೆವು, ಬಿಳಿ ಹೊಗೆಯೂ ಇಲ್ಲ. ಮೆಕ್ಯಾನಿಕ್ ಹೇಳಿದ್ದು ಬರೇ ಅಂದಾಜು ಎಂದೆ.

"ನಿಂಗೆ ಎಂಜಿನ್ ಎಂತ ಗೊತ್ತು ಅಬ್ಬೆ?" ಎಂದಳು ಮಗಳು.

"ಎಂಜಿನ್ ಗೊತ್ತಿಲ್ಲ. ನೀರು ಗೊತ್ತು."

ಸುಳ್ಳಲ್ಲ. ನನ್ನ ತವರು ಗೋಕರ್ಣದ ಕಡೆ. ಮದುವೆಗೆ ಮುಂಚೆ ಆರು ಬೇಸಿಗೆ ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವ ಆಗರದಲ್ಲಿ ಬುಟ್ಟಿ ಹೊತ್ತಿದ್ದೇನೆ. ಆಗರದ ಕಟ್ಟೆ ಎಲ್ಲಾದರೂ ಜಿನುಗಿದರೆ ನೀರು ಕಾಣುವುದಿಲ್ಲ, ಬಿಸಿಲು ಅಲ್ಲಲ್ಲೇ ಕುಡಿದುಬಿಡುತ್ತದೆ. ಒದ್ದೆ ಹುಡುಕಿಕೊಂಡು ಹೋದವನಿಗೆ ಏನೂ ಸಿಗುವುದಿಲ್ಲ. ನಾವು ಹುಡುಕುತ್ತಿದ್ದದ್ದು ಒಣಗಿದ ಬಿಳಿ ಗೆರೆ. ಕಾದ ಎಂಜಿನ್ನೂ ಬಿಸಿಲೇ ಅಲ್ಲವೇ? ಜಿನುಗಿದ್ದು ನೆಲಕ್ಕೆ ಬೀಳುವ ಮೊದಲೇ ಆರಿಹೋದರೆ ಮೆಕ್ಯಾನಿಕ್‌ಗೆ ಹನಿ ಎಲ್ಲಿ ಕಾಣಬೇಕು?

ಎಂಜಿನ್ ಪೂರಾ ತಣ್ಣಗಾಗಲು ಬಿಟ್ಟು ಆಮೇಲೆ ಸೀಟು ಎತ್ತಿಸಿದೆ. ಗೋಡೆಯ ಕನ್ನಡಿ ಬಿಚ್ಚಿ ತಂದು ಒಳಗೆ ಹಿಡಿದೆ. ಮಗಳು ಮೊಬೈಲಿನ ಬೆಳಕು ಬಿಟ್ಟಳು. ಮೇಲಿನಿಂದ ಎಲ್ಲ ಚೊಕ್ಕ. ಎಂಜಿನ್ನಿನ ಮಗ್ಗುಲಿಗೆ ಒಂದು ಕಬ್ಬಿಣದ ಪೈಪು ಹೋಗಿದೆ. ಅದರ ಹಿಂಬದಿಗೆ, ಕೈಯೂ ಕಣ್ಣೂ ಹೋಗದ ಕಡೆ, ಬೆರಳುದ್ದದ ಬಿಳಿ ಗೆರೆ ಕನ್ನಡಿಯಲ್ಲಿ ಕಂಡಿತು. ಅಂಚಿಗೆ ಸ್ವಲ್ಪ ತುಕ್ಕಿನ ಬಣ್ಣ.

ಕಡ್ಡಿಯಿಂದ ಕೆರೆದು ಬೆರಳಲ್ಲಿ ತಿಕ್ಕಿದೆ. ಹರಳು ಹರಳು. ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಮಗಳು ಪಟ್ಟನೆ ಹೊಡೆದಳು.

"ಅದ್ರಲ್ಲಿ ಎಂಜಿನ್ ತಣಿಸೂ ಹಳೇ ಕೂಲೆಂಟ್ ಉಂಟು ಅಬ್ಬೆ, ವಿಷ ಅದು. ನಿನ್ನ ಆಸ್ಪತ್ರೆಗೆ ಒಯ್ಯೂಕೆ ಗಾಡಿನೂ ಇಲ್ಲ."

ರುಚಿ ನೋಡಲಿಲ್ಲ. ಗೆರೆಯನ್ನು ಒರೆಸಿ ತೆಗೆದು, ಡಬ್ಬಿ ತುಂಬಿಸಿ, ಅರ್ಧ ತಾಸು ಎಂಜಿನ್ ಓಡಿಸಿದೆವು. ಬಂದ್ ಮಾಡಿ, ಉದ್ದ ಕೋಲಿಗೆ ಒಣ ಬಟ್ಟೆ ಸುತ್ತಿ ಅದೇ ಜಾಗಕ್ಕೆ ಒತ್ತಿದೆ. ಬಟ್ಟೆಗೆ ಸಾಸಿವೆಯಷ್ಟು ಒದ್ದೆ ಹತ್ತಿತು. ನೋಡುತ್ತಿದ್ದ ಹಾಗೆಯೇ ಪೈಪಿನ ಮೇಲೆ ಮತ್ತೆ ಬೆಳ್ಳಗಾಯಿತು.

ಮಗಳು ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಆದಿತ್ಯವಾರ ಹೊಸ ಪೈಪು ಹಿಡಿದುಕೊಂಡೇ ಬಾ ಎಂದು ಹೇಳಿಸಿದೆ. ಬಂದ. ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿ ತೂರುವಷ್ಟು ತೂತು. ಪೈಪಿನ ಒಳಗೆಲ್ಲ ತುಕ್ಕು.

"ನೀವು ಯಾವ ನೀರು ಹೊಯ್ತಿದ್ರಿ?"

"ಬಾವೀದು," ಎಂದೆ.

"ಬಟ್ಟೆ ತೊಳೆಯೂ ಬಾವೀದಾ? ಬೇಸಿಗೇಲಿ ಅದು ಉಪ್ಪಲ್ವಾ ಅಮ್ಮಾ?"

ಉಪ್ಪೇ. ಸಮುದ್ರದ ನೀರು ಹೊಳೆಗೆ ಏರಿ ಬಂದಾಗ ನಮ್ಮ ಬಾವಿ ಬಾಯಿಗೆ ಇಡಲಾಗದು. ಕುಡಿಯುವುದು ನಳದ ನೀರು. ಹೊಸ ಕೂಲೆಂಟ್ ತರುವವರೆಗೆ ನಳದ್ದನ್ನು ಹೊಯ್ಯಿ ಎಂದು ಮಗಳು ಹೇಳಿದ್ದಳು. ಯಂತ್ರಕ್ಕೆ ನಾಲಗೆ ಇದೆಯೇ, ಅಷ್ಟು ಒಳ್ಳೆಯ ನೀರು ಯಾಕೆ ಹಾಳು ಮಾಡಬೇಕು ಎಂದು ನಾನೇ ಬಾವಿಯದನ್ನು ಹೊಯ್ದೆ. ಜಿನುಗು ಮೊದಲೇ ಇದ್ದಿರಬಹುದು, ಪೈಪು ತಿಂದದ್ದು ನನ್ನ ಉಪ್ಪು. ಮುಚ್ಚಿಡುವುದಿಲ್ಲ. ಆದರೆ ಆ ಉಪ್ಪು ಎಲ್ಲಿ ಕೂತಿದೆ ಎಂದು ಕಂಡದ್ದೂ ನನ್ನ ಕಣ್ಣಿಗೆ, ಅವನ ಕಣ್ಣಿಗಲ್ಲ. ಅದನ್ನು ಅವನಿಗೆ ಹೇಳಿಯೇ ಬಿಟ್ಟೆ.

"ಹೌದು ಮಾರಾಯ್ತಿ, ನೀವೇ ಗೆದ್ರಿ," ಎಂದು ನಕ್ಕ. ಒಳಗನ್ನೆಲ್ಲ ತೊಳೆದು ಹಸಿರು ಕೂಲೆಂಟ್ ತುಂಬಿಸಿದ. ಹೋಗುವಾಗ ಮಗಳಿಗೆ, "ಕಾದ ಕೂಡ್ಲೆ ನೀ ಗಾಡಿ ನಿಲ್ಲಿಸಿದ್ದಕ್ಕೆ ಎಂಜಿನ್ ಉಳೀತು," ಎಂದ. ಶುಕ್ರವಾರ ಹೆಂಗಸರ ಬಗ್ಗೆ ಆಡಿದ ಮಾತಿಗೆ ತಪ್ಪಾಯಿತು ಅನ್ನಲಿಲ್ಲ. ನಾನು ಈ ಮಾತನ್ನೇ ಅದರ ಬದಲು ಎಂದು ಲೆಕ್ಕ ಹಿಡಿದೆ.

ಸೋಮವಾರ ಆರು ಜನ ಹತ್ತಿದರು.

"ಹೆಡ್ ಬಿಚ್ಚಿದ್ರಾ?" ಒಬ್ಬಳು ಕೇಳಿದಳು.

"ಎಂತದೂ ಬಿಚ್ಚಲಿಲ್ಲ. ನಮ್ಮಬ್ಬೆ ನೋಡಿದ್ಲು," ಎಂದಳು ಮಗಳು. ನೆಟ್ಟಗೆ ಕೂತಿದ್ದಳು.

ಏಳನೆಯವಳು, ಯಾವಾಗಲೂ ಮುಂದಿನ ಸೀಟು ಹಿಡಿಯುವವಳು, ಬೇರೆ ವ್ಯಾನಿಗೆ ಹೋಗಿದ್ದಳು. ಗುರುವಾರ ಸಂಜೆ ನಮ್ಮ ಬೇಲಿಯ ಹತ್ತಿರ ಬಂದು ನಿಂತಳು.

"ಆ ವ್ಯಾನಲ್ಲಿ ಉಸಿರು ಕಟ್ತದೆ ಮಾರಾಯ್ತಿ. ನಾಳೆಯಿಂದ ನಂಗೆ ಸೀಟು ಉಂಟಾ?"

ಮಗಳು ನನ್ನ ಮುಖ ನೋಡಿದಳು.

"ಉಂಟು," ಎಂದೆ, "ಹಿಂದಿಂದು."